ಮೈಲ್ಡ್ ಆಟಿಸಂ ಮತ್ತು ಮಿಲಿಟರಿ ಕೆಲಸ: ಯಾವ ಗೇಟಿಗೆ ಯಾವ ಕಾಗದ

ಬೆಂಗಳೂರಿನ ಹಲಸೂರಿನಲ್ಲಿ 515 ಆರ್ಮಿ ಬೇಸ್ ವರ್ಕ್‌ಶಾಪ್ ಇದೆ. ಬೆಳಿಗ್ಗೆ ಅದರೊಳಗೆ ಹೋಗುವವರಲ್ಲಿ ಸಮವಸ್ತ್ರದವರೂ ಇರುತ್ತಾರೆ, ಮಾಮೂಲಿ ಶರ್ಟು ಪ್ಯಾಂಟಿನವರೂ ಇರುತ್ತಾರೆ. ಎಲ್ಲರ ಕೆಲಸವೂ ಸೇನೆಯದೇ, ಸಂಬಳವೂ ರಕ್ಷಣಾ ಇಲಾಖೆಯದೇ. ಆದರೆ ಒಬ್ಬರು ಒಳಗೆ ಬಂದ ದಾರಿ ಬೇರೆ, ಇನ್ನೊಬ್ಬರದು ಬೇರೆ. ಮೈಲ್ಡ್ ಆಟಿಸಂ ಇರುವ ಹುಡುಗನೋ ಹುಡುಗಿಯೋ ‘ನಾನು ಮಿಲಿಟರಿಗೆ ಹೋಗ್ತೀನಿ’ ಅಂದಾಗ ಮೊದಲು ತಿಳಿದುಕೊಳ್ಳಬೇಕಾದ್ದು ಈ ವ್ಯತ್ಯಾಸವನ್ನೇ. ಸಮವಸ್ತ್ರದ ದಾರಿಯಲ್ಲಿ ಆಟಿಸಂ ಎಂದು ಬರೆದ ಕಾಗದ ಬಹುತೇಕ ಅಡ್ಡಗೋಡೆಯಾಗುತ್ತದೆ. ಸಿವಿಲಿಯನ್ ದಾರಿಯಲ್ಲಿ ಅದೇ ಕಾಗದ ಬಾಗಿಲು ತೆರೆಯುತ್ತದೆ. ಒಂದು ಕಡೆ ಮುಚ್ಚಿಟ್ಟು ಇನ್ನೊಂದು ಕಡೆ ತೋರಿಸಲು ಹೋದವರು ಕೊನೆಗೆ ಎರಡೂ ಕಡೆಯ ವಯಸ್ಸಿನ ಮಿತಿ ದಾಟಿಸಿಕೊಂಡು ಕೂರುತ್ತಾರೆ.

ಕೊಡಗಿನಲ್ಲೋ ಬೆಳಗಾವಿ ಕಡೆಯ ಹಳ್ಳಿಗಳಲ್ಲೋ, ಅಪ್ಪ, ದೊಡ್ಡಪ್ಪ, ಮಾವ ಎಲ್ಲರೂ ಫೌಜಿಗಳಾಗಿರುವ ಮನೆಯಲ್ಲಿ ಈ ಮಾತು ಎತ್ತುವುದು ಕಷ್ಟ. ಆದರೂ ಹದಿನಾರು ಹದಿನೇಳರ ವಯಸ್ಸಿನಲ್ಲೇ ಎತ್ತುವುದು ಒಳ್ಳೆಯದು. ಇಪ್ಪತ್ತೊಂದಕ್ಕೆ ಎತ್ತಿದರೆ ಅಗ್ನಿವೀರ್ ಭರ್ತಿಯ ಸಾಮಾನ್ಯ ಮಿತಿಯೇ ಮುಗಿಯುತ್ತ ಬಂದಿರುತ್ತದೆ.

ಹೆಜ್ಜೆ 1: ‘ಮೈಲ್ಡ್’ ಎಂದು ಬರೆದವರು ಯಾರು?

ಶಾಲೆಯ ಕೌನ್ಸೆಲರ್ ಬಾಯಿಮಾತಿಗೆ ಹೇಳಿದ ಮೈಲ್ಡ್ ಬೇರೆ, ಆಸ್ಪತ್ರೆಯ ವರದಿಯ ಮೈಲ್ಡ್ ಬೇರೆ, ಅಂಗವಿಕಲತೆ ಪ್ರಮಾಣಪತ್ರದ ಮೈಲ್ಡ್ ಬೇರೆ. ಹಳೆಯ ಫೈಲು ತೆಗೆದು ನೋಡಿ. 2013ಕ್ಕಿಂತ ಹಿಂದಿನ ವರದಿಯಾದರೆ ‘ಆಸ್ಪರ್ಜರ್’ ಎಂದಿರಬಹುದು. ಆ ವರ್ಷ ಡಿಎಸ್‌ಎಂ-5 (ಮನೋವೈದ್ಯರು ರೋಗನಿರ್ಣಯಕ್ಕೆ ಬಳಸುವ ಅಮೆರಿಕದ ಕೈಪಿಡಿ) ಬಂದ ಮೇಲೆ ಅದೂ ಆಟಿಸಂ ಸ್ಪೆಕ್ಟ್ರಂ ಒಳಗೇ ಸೇರಿತು. ಈಗಿನ ವರದಿಗಳಲ್ಲಿ ‘ಲೆವೆಲ್ 1’ ಎಂದಿದ್ದರೆ ಅದನ್ನೇ ಜನ ಮೈಲ್ಡ್ ಅನ್ನುವುದು.

ನಮ್ಮ ದೇಶದಲ್ಲಿ ಪ್ರಮಾಣಪತ್ರಕ್ಕೆ ಬಳಸುವ ಅಳತೆಗೋಲು ಐಸಾ, ಅಂದರೆ ಭಾರತೀಯ ಆಟಿಸಂ ಮೌಲ್ಯಮಾಪನ ಮಾಪಕ. ಇದರಲ್ಲಿ 40 ಅಂಶಗಳಿವೆ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದು, ಬದಲಾವಣೆಗೆ ಪ್ರತಿಕ್ರಿಯೆ, ಸದ್ದಿಗೆ ಸೂಕ್ಷ್ಮತೆ, ಮಾತಿನ ಬಳಕೆ ಇಂಥವಕ್ಕೆ ಒಂದೊಂದಕ್ಕೂ 1ರಿಂದ 5 ಅಂಕ. ಒಟ್ಟು 70ಕ್ಕಿಂತ ಕಡಿಮೆಯಿದ್ದರೆ ಆಟಿಸಂ ಇಲ್ಲ, 70ರಿಂದ 106 ಮೈಲ್ಡ್, 107ರಿಂದ 153 ಮಧ್ಯಮ, ಅದರ ಮೇಲೆ ತೀವ್ರ. ಇಲ್ಲಿ ಜನ ಎಡವುವುದು ಒಂದು ಕಡೆ: ‘ಮೈಲ್ಡ್ ಅಲ್ವಾ, ಪರ್ಸೆಂಟೇಜು ಬರಲ್ಲ’ ಎಂದುಕೊಂಡು ಪ್ರಮಾಣಪತ್ರಕ್ಕೆ ಅರ್ಜಿಯನ್ನೇ ಹಾಕುವುದಿಲ್ಲ. ಮೈಲ್ಡ್ ಎಂದು ಬಂದವರಿಗೂ ಶೇ 40 ಅಥವಾ ಅದಕ್ಕಿಂತ ಹೆಚ್ಚು ನಮೂದಾಗಬಹುದು. ಮೀಸಲಾತಿಗೆ ಬೇಕಾದ ಗೆರೆ ಶೇ 40.

ಹೊಸದಾಗಿ ಪರೀಕ್ಷೆ ಮಾಡಿಸುವುದಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಪ್ರಮಾಣಪತ್ರಕ್ಕೆ ಯುಡಿಐಡಿ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ) ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ ಜಿಲ್ಲಾ ಆಸ್ಪತ್ರೆಗೋ ಅಧಿಕೃತ ವೈದ್ಯಕೀಯ ಮಂಡಳಿಗೋ ಕರೆಯುತ್ತಾರೆ. ಮಗುವಾಗಿದ್ದಾಗ ಮಾಡಿಸಿದ ತಾತ್ಕಾಲಿಕ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ನವೀಕರಿಸಿಕೊಳ್ಳಿ. ದಾಖಲೆ ಪರಿಶೀಲನೆಯ ದಿನ ಅವಧಿ ಮುಗಿದ ಕಾಗದ ಹಿಡಿದು ನಿಂತರೆ ಪ್ರಯೋಜನವಿಲ್ಲ.

ಒಂದೇ ಫೈಲಿನಲ್ಲಿ ಇಷ್ಟು ಇಟ್ಟುಕೊಳ್ಳಿ: ಮೊದಲ ರೋಗನಿರ್ಣಯದ ವರದಿ, ಇತ್ತೀಚಿನ ಮನೋವೈಜ್ಞಾನಿಕ ಪರೀಕ್ಷೆ (ನಮ್ಮ ಕಡೆ ಬಿನೆ ಕಾಮತ್ ಟೆಸ್ಟ್ ಮಾಡಿರುತ್ತಾರೆ, ಅದರ ಅಂಕಪಟ್ಟಿ ಸಹಿತ), ಸ್ಪೀಚ್ ಥೆರಪಿ ಅಥವಾ ಆಕ್ಯುಪೇಶನಲ್ ಥೆರಪಿ ಮುಗಿಸಿದ ಪತ್ರ, ತೆಗೆದುಕೊಂಡ ಔಷಧಗಳ ಹೆಸರು ಮತ್ತು ತಾರೀಖು. ಫಿಟ್ಸ್ ಎಂದಾದರೂ ಬಂದಿದ್ದರೆ ಅದರ ಇಇಜಿ ವರದಿ. ಆಟಿಸಂ ಇರುವವರಲ್ಲಿ ಅಪಸ್ಮಾರ ಉಳಿದವರಿಗಿಂತ ಹೆಚ್ಚು ಕಾಣಿಸುತ್ತದೆ. ಫಿಟ್ಸ್ ಇತಿಹಾಸ ಇದ್ದರೆ ಸಮವಸ್ತ್ರದ ಪ್ರಶ್ನೆ ಬಹುತೇಕ ಅಲ್ಲಿಗೇ ಮುಗಿಯಿತು, ಆಟಿಸಂ ತನಕ ಹೋಗುವುದೇ ಅಪರೂಪ.

ಹೆಜ್ಜೆ 2: ಹುದ್ದೆ ಕಂಬ್ಯಾಟಂಟೋ, ಸಿವಿಲಿಯನ್ನೋ

‘ಗುಂಡು ಹಾರಿಸುವ ಕೆಲಸ ಬೇಡ, ಕ್ಲರ್ಕ್ ಆಗ್ತಾನೆ’ ಎಂಬ ಮಾತು ಬಹಳ ಕೇಳಿಬರುತ್ತದೆ. ಸೇನೆಯಲ್ಲಿ ಅಗ್ನಿವೀರ್ ಕ್ಲರ್ಕ್, ಸ್ಟೋರ್‌ಕೀಪರ್, ಟ್ರೇಡ್ಸ್‌ಮನ್ ಎಲ್ಲರೂ ಕಂಬ್ಯಾಟಂಟ್‌ಗಳೇ, ಅಂದರೆ ಸಮವಸ್ತ್ರ ತೊಟ್ಟ ಸೈನಿಕರೇ. ಅಡುಗೆಯವನಿಗೂ ರೈಫಲ್ ತರಬೇತಿ ಇದೆ, ಅವನಿಗೂ ಮೆಡಿಕಲ್ ಇದೆ. ಆ ಮೆಡಿಕಲ್‌ನ ಮಾಪನಕ್ಕೆ ‘ಶೇಪ್’ ಎಂದು ಹೆಸರು. ಐದು ಅಕ್ಷರಗಳಲ್ಲಿ ಮೊದಲನೆಯ ಎಸ್ ಮನಸ್ಸಿಗೆ ಸಂಬಂಧಿಸಿದ್ದು, ಎಚ್ ಕಿವಿ, ಎ ಕೈಕಾಲು, ಪಿ ಒಟ್ಟು ದೇಹ, ಇ ಕಣ್ಣು. ಸೇರುವಾಗ ಐದರಲ್ಲೂ ಒಂದನೇ ದರ್ಜೆ ಬೇಕು. ಕಣ್ಣು, ಎತ್ತರ, ಎದೆ ಎಲ್ಲ ಸರಿಯಿದ್ದು ಮೊದಲ ಅಕ್ಷರದಲ್ಲೇ ನಿಂತುಹೋಗುವ ಸಾಧ್ಯತೆಯ ಬಗ್ಗೆ ನಾವಿಲ್ಲಿ ಮಾತಾಡುತ್ತಿರುವುದು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಆಟಿಸಂ ಇದೆ. ಕೇಂದ್ರ ಸರ್ಕಾರಿ ಹುದ್ದೆಗಳಲ್ಲಿ ಶೇ 4 ಮೀಸಲಾತಿ ಕೊಡುವುದೂ ಅದೇ ಕಾಯ್ದೆ. ಆದರೆ ಕೆಲಸದ ಸ್ವರೂಪ ನೋಡಿ ಕೆಲವು ಸಂಸ್ಥೆಗಳನ್ನು ಹೊರಗಿಡುವ ಅಧಿಕಾರವನ್ನೂ ಅದು ಸರ್ಕಾರಕ್ಕೆ ಕೊಟ್ಟಿದೆ. 2021ರ ಆಗಸ್ಟ್‌ನಲ್ಲಿ ಬಿಎಸ್‌ಎಫ್, ಸಿಆರ್‌ಪಿಎಫ್, ಸಿಐಎಸ್‌ಎಫ್, ಐಟಿಬಿಪಿ, ಎಸ್‌ಎಸ್‌ಬಿ, ಅಸ್ಸಾಂ ರೈಫಲ್ಸ್‌ಗಳ ಕಂಬ್ಯಾಟಂಟ್ ಹುದ್ದೆಗಳನ್ನು ಹೀಗೇ ಹೊರಗಿಟ್ಟರು. ಆದ್ದರಿಂದ ‘ಆರ್ಮಿ ಆಗದಿದ್ದರೆ ಸಿಆರ್‌ಪಿಎಫ್‌ನಲ್ಲಿ ಕೋಟಾ ಸಿಗುತ್ತೆ’ ಎಂಬ ಲೆಕ್ಕ ತಪ್ಪು.

ಮಗು ಇನ್ನೂ ಹತ್ತು ಹನ್ನೆರಡರದಾಗಿದ್ದು ವಿಜಯಪುರ ಅಥವಾ ಕೊಡಗಿನ ಸೈನಿಕ ಶಾಲೆಗೆ ಯೋಚಿಸುತ್ತಿದ್ದರೆ, ಅಲ್ಲೂ ಪ್ರವೇಶ ಪರೀಕ್ಷೆಯ ನಂತರ ಮೆಡಿಕಲ್ ಇದೆ, ವಾಸ ಡಾರ್ಮಿಟರಿಯಲ್ಲಿ. ಮುಂದಿನ ಹೆಜ್ಜೆ ಅಂಥ ಮಗುವಿಗೂ ಅನ್ವಯಿಸುತ್ತದೆ.

ಹೆಜ್ಜೆ 3: ಮನೆಯಲ್ಲೇ ಮೂವತ್ತು ದಿನ

ಶಿಸ್ತು, ವೇಳಾಪಟ್ಟಿ, ನಿಯಮ ಇವು ಆಟಿಸಂ ಇರುವವರಿಗೆ ಹಿಡಿಸುತ್ತವೆ, ಹಾಗಾಗಿ ಮಿಲಿಟರಿ ಹೇಳಿ ಮಾಡಿಸಿದ ಜಾಗ ಎಂದು ಹಲವರು ನಂಬುತ್ತಾರೆ. ಅರ್ಧ ನಿಜ. ತರಬೇತಿ ಕೇಂದ್ರದಲ್ಲಿ ವೇಳಾಪಟ್ಟಿ ಇರುತ್ತದೆ, ಆದರೆ ಅದನ್ನು ಮುರಿಯುವುದೂ ತರಬೇತಿಯ ಭಾಗ. ರಾತ್ರಿ ಒಂದಕ್ಕೆ ಸೀಟಿ, ಐದು ನಿಮಿಷದಲ್ಲಿ ಪೂರ್ತಿ ಡ್ರೆಸ್‌ನಲ್ಲಿ ಫಾಲ್ ಇನ್. ಬೆಳಿಗ್ಗೆ ಪಿಟಿ ಎಂದು ಹೇಳಿ ಡ್ರಿಲ್‌ಗೆ ನಿಲ್ಲಿಸುವುದು. ಒಬ್ಬ ತಪ್ಪು ಮಾಡಿದರೆ ಇಡೀ ಸೆಕ್ಷನ್‌ಗೆ ರಗಡಾ, ಅಂದರೆ ಮೈ ದಣಿಸುವ ಶಿಕ್ಷೆ. ‘ನಾನು ತಪ್ಪು ಮಾಡಿಲ್ಲವಲ್ಲ, ನನಗೇಕೆ ಶಿಕ್ಷೆ?’ ಎಂದು ನ್ಯಾಯವಾಗಿಯೇ ಕೇಳುವ ಹುಡುಗ ಅಲ್ಲಿ ಮೊದಲ ವಾರದಲ್ಲೇ ಉಸ್ತಾದರ (ತರಬೇತುದಾರರ) ಕಣ್ಣಿಗೆ ಬೀಳುತ್ತಾನೆ.

ಅದಕ್ಕೇ ರ್‍ಯಾಲಿಗೆ ಓಡುವ ಅಭ್ಯಾಸದ ಜೊತೆಗೆ ಇನ್ನೊಂದು ಅಭ್ಯಾಸ ಮಾಡಿ ನೋಡಿ. ಒಂದು ತಿಂಗಳು, ಪ್ರತಿ ದಿನ ಎರಡು ಸಾಲು ಡೈರಿ ಬರೆಯುತ್ತ.

ಮೊದಲ ವಾರ ಬರೀ ನಿದ್ದೆ. ಹಾಸ್ಟೆಲಿನಲ್ಲೋ ಮಠದಲ್ಲೋ ಕ್ರೀಡಾ ಶಿಬಿರದಲ್ಲೋ, ಇಪ್ಪತ್ತು ಜನ ಮಲಗುವ ಕಡೆ ಮಲಗಬೇಕು. ಗೊರಕೆ, ಲೈಟು, ಬೇರೆಯವರ ಬೆವರಿನ ವಾಸನೆ. ಏಳು ರಾತ್ರಿಯಲ್ಲಿ ಎಷ್ಟು ಗಂಟೆ ನಿದ್ದೆ ಬಂತು ಬರೆದಿಡಿ. ನಾಲ್ಕು ಗಂಟೆಗಿಂತ ಕಡಿಮೆಯಿದ್ದ ದಿನ ಮಾತು ನಿಲ್ಲುತ್ತದೆಯೇ, ಸಿಟ್ಟು ಬರುತ್ತದೆಯೇ, ಕೈ ನಡುಗುತ್ತದೆಯೇ? ಎರಡನೇ ವಾರ ಬಟ್ಟೆ ಮತ್ತು ಸದ್ದು. ದಪ್ಪ ಕಾಲರಿನ ಶರ್ಟು, ಸೊಂಟಕ್ಕೆ ಬಿಗಿ ಬೆಲ್ಟು, ಆಂಕಲ್ ಬೂಟು, ದಪ್ಪ ಕಾಲುಚೀಲ, ಬೇಸಿಗೆಯಲ್ಲೂ ದಿನಕ್ಕೆ ಎಂಟು ಗಂಟೆ. ಸದ್ದಿಗೆ ದೀಪಾವಳಿಯ ಲಕ್ಷ್ಮಿ ಪಟಾಕಿ ನೆನಪಿಸಿಕೊಳ್ಳಿ. ಕಿವಿ ಮುಚ್ಚಿಕೊಂಡು ಒಳಗೆ ಓಡುವವರಿಗೆ ಫೈರಿಂಗ್ ರೇಂಜ್ ಕಷ್ಟ. ಅಲ್ಲಿ ಪಕ್ಕದವನ ರೈಫಲ್ ಸದ್ದು ನಿಮ್ಮದಕ್ಕಿಂತ ಹೆಚ್ಚು ಕಾಡುತ್ತದೆ, ಯಾವಾಗ ಬರುತ್ತದೆಂದು ಗೊತ್ತಿರುವುದಿಲ್ಲ.

ಮೂರನೇ ವಾರ ಆದೇಶ. ಸೇನೆಯ ಡ್ರಿಲ್ ಹಿಂದಿಯಲ್ಲಿ: ಸಾವಧಾನ್, ವಿಶ್ರಾಮ್, ದಾಹಿನೇ ಮುಡ್, ಪೀಛೇ ಮುಡ್. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ಎರಡು ಪಟ್ಟು ಹೊರೆ, ಮಾತನ್ನು ಅರ್ಥ ಮಾಡಿಕೊಳ್ಳಲು ಅರೆಕ್ಷಣ ಹೆಚ್ಚು ಬೇಕಾಗುವವರಿಗಂತೂ ಇನ್ನೂ ಹೆಚ್ಚು. ಮನೆಯಲ್ಲಿ ಯಾರಾದರೂ ಗಟ್ಟಿ ದನಿಯಲ್ಲಿ ಮೂರು ಕೆಲಸ ಒಟ್ಟಿಗೆ ಹೇಳಲಿ, ಒಂದೇ ಸಲ: ‘ಬಕೆಟ್ ಇಟ್ಟು ಬಾ, ಬೆಲ್ಟ್ ತಗೋ, ಗೇಟಿನ ಹತ್ತಿರ ಎಡಗಡೆ ನಿಲ್ಲು.’ ಹತ್ತು ಸಲಕ್ಕೆ ಎಷ್ಟು ಸಲ ಮೂರೂ ಸರಿಯಾದವು? ನಾಲ್ಕನೇ ವಾರ ಯೋಜನೆ ಕೆಡಿಸುವುದು. ಹೇಳಿದ ಊಟ ಕೊಡದಿರುವುದು, ಹೊರಟ ಮೇಲೆ ದಾರಿ ಬದಲಿಸುವುದು. ಇದನ್ನು ಮೊದಲೇ ಒಪ್ಪಿಸಿ ಮಾಡಿ, ಹಿಂಸೆಯಾಗಿ ಮಾಡಬೇಡಿ.

ತಿಂಗಳ ಕೊನೆಗೆ ಡೈರಿ ಓದಿದಾಗ ಬಹಳ ಸಲ ಅಭ್ಯರ್ಥಿಯೇ ಹೇಳುತ್ತಾರೆ: ನನಗೆ ಬೇಕಿದ್ದದ್ದು ರಡಾರು, ನಕ್ಷೆ, ಎಂಜಿನ್ನು, ಬ್ಯಾರಕ್ ಅಲ್ಲ ಎಂದು. ಹಾಗೆ ಬಂದರೆ ನೇರ ಹೆಜ್ಜೆ 5ಕ್ಕೆ ಹೋಗಿ.

ಇನ್ನೂ ಹತ್ತಿರದಿಂದ ನೋಡಬೇಕೆಂದರೆ ಎನ್‌ಸಿಸಿ ಇದೆ. ಶಾಲೆಯಲ್ಲಿ ಜೂನಿಯರ್ ವಿಭಾಗ ಎರಡು ವರ್ಷ, ಕಾಲೇಜಿನಲ್ಲಿ ಸೀನಿಯರ್ ವಿಭಾಗ. ಹತ್ತು ದಿನದ ವಾರ್ಷಿಕ ಶಿಬಿರದಲ್ಲಿ ಟೆಂಟು, ಸೀಟಿ, ಲಂಗರ್ ಊಟ, ರೈಫಲ್ ಎಲ್ಲವೂ ಒಂದು ಗುಟುಕಿನಷ್ಟು ಸಿಗುತ್ತವೆ. ಸೇರುವಾಗ ಅಲ್ಲಿನ ಅಧಿಕಾರಿಗೆ ವಿಷಯ ತಿಳಿಸಿಯೇ ಸೇರಿ.

ಹೆಜ್ಜೆ 4: ಸಮವಸ್ತ್ರದ ಗೇಟಿಗೇ ಹೋಗುವುದಾದರೆ

ಅಗ್ನಿವೀರ್ ದಾರಿಯಲ್ಲಿ ಮೊದಲು ಕಂಪ್ಯೂಟರ್ ಮೇಲೆ ಲಿಖಿತ ಪರೀಕ್ಷೆ, ಆಮೇಲೆ ರ್‍ಯಾಲಿ. ರ್‍ಯಾಲಿಯಲ್ಲಿ 1.6 ಕಿ.ಮೀ. ಓಟ, 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ 60 ಅಂಕ. ಹತ್ತು ಬೀಮ್ (ಪುಲ್ ಅಪ್) ಹೊಡೆದರೆ 40. ಒಂಬತ್ತು ಅಡಿ ಹಳ್ಳ, ಜಿಗ್‌ಜಾಗ್ ಬ್ಯಾಲೆನ್ಸ್. ಕೊನೆಯದು ಸುಲಭ ಎಂದು ಯಾರೂ ಅಭ್ಯಾಸ ಮಾಡುವುದಿಲ್ಲ. ಆಟಿಸಂ ಇರುವ ಕೆಲವರಿಗೆ ದೇಹದ ಸಮತೋಲನವೇ ತೊಡಕು, ಅಂಥವರು ಓಟದಲ್ಲಿ ಗೆದ್ದು ಇಲ್ಲಿ ಬೀಳುತ್ತಾರೆ. ಅಡಾಪ್ಟಬಿಲಿಟಿ ಟೆಸ್ಟ್ ಎಂಬ ಹೊಂದಾಣಿಕೆ ಪರೀಕ್ಷೆ ವಾಯುಪಡೆಯಲ್ಲಿ ಮೊದಲಿಂದ ಇದೆ, ಭೂಸೇನೆಯ ಭರ್ತಿಗೂ ಈಚೆಗೆ ಬಂದಿದೆ. ಗುರುತಿಲ್ಲದ ಜನರ ನಡುವೆ, ಗುರುತಿಲ್ಲದ ಪರಿಸರದಲ್ಲಿ ಬದುಕಬಲ್ಲಿರಾ ಎಂಬುದನ್ನೇ ಅದು ಅಳೆಯುವುದು.

ಅಧಿಕಾರಿ ಆಗಲು ಎನ್‌ಡಿಎ, ಸಿಡಿಎಸ್ ಪರೀಕ್ಷೆ ಬರೆದು ಎಸ್‌ಎಸ್‌ಬಿಗೆ ಹೋಗಬೇಕು. ಇದು ಮೇಲೆ ಹೇಳಿದ ಗಡಿ ಪಡೆ ಎಸ್‌ಎಸ್‌ಬಿ ಅಲ್ಲ, ಅಧಿಕಾರಿಗಳನ್ನು ಆರಿಸುವ ಆಯ್ಕೆ ಮಂಡಳಿ. ಬೆಂಗಳೂರಿನಲ್ಲಿ ಭೂಸೇನೆಯ ಸೆಲೆಕ್ಷನ್ ಸೆಂಟರ್, ಮೈಸೂರಿನಲ್ಲಿ ವಾಯುಪಡೆಯ ಮಂಡಳಿ ಇವೆ. ಐದು ದಿನ. ಇಲ್ಲಿ ಕಷ್ಟ ಎಲ್ಲಿ ಬರುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲ ದಿನವೇ ಮಬ್ಬಾದ ಒಂದು ಚಿತ್ರ 30 ಸೆಕೆಂಡು ತೋರಿಸಿ 4 ನಿಮಿಷದಲ್ಲಿ ಕತೆ ಬರೆಸುತ್ತಾರೆ. ಆಟಿಸಂ ಇರುವವರು ಚಿತ್ರದಲ್ಲಿ ಕಂಡದ್ದನ್ನು ನಿಖರವಾಗಿ ಬರೆಯುತ್ತಾರೆ: ಮೂರು ಜನ, ಒಂದು ಮರ, ಎಡಗಡೆ ಬೆಟ್ಟ. ಪರೀಕ್ಷಕರಿಗೆ ಬೇಕಾದ್ದು ಆ ಮೂವರ ಮನಸ್ಸಿನಲ್ಲಿ ಏನಿದೆ, ಮುಂದೆ ಏನು ಮಾಡುತ್ತಾರೆ ಎಂಬುದು. ಕತೆಯ ನಂತರ ಗುಂಪು ಚರ್ಚೆ, ಅದು ಸಾಮಾನ್ಯವಾಗಿ ಮೀನು ಮಾರುಕಟ್ಟೆ ಆಗುತ್ತದೆ. ಹದಿನೈದು ಜನ ಒಟ್ಟಿಗೆ ಕೂಗುವಾಗ ಯಾವಾಗ ಬಾಯಿ ಹಾಕಬೇಕೆಂದು ತಿಳಿಯದೆ ಹಲವರು ಅಲ್ಲೇ ಸ್ಕ್ರೀನ್ ಔಟ್. ಎರಡನೇ ದಿನ 60 ಪದ, ಒಂದೊಂದಕ್ಕೆ 15 ಸೆಕೆಂಡು. 60 ಸನ್ನಿವೇಶ, ಒಟ್ಟು 30 ನಿಮಿಷ. ವೇಗದ ಅಭ್ಯಾಸ ಇದಕ್ಕೆ ಸಹಾಯ ಮಾಡುತ್ತದೆ. ಬಾಯಿಪಾಠದ ಉತ್ತರ ಸಹಾಯ ಮಾಡುವುದಿಲ್ಲ. ಮನಶ್ಶಾಸ್ತ್ರಜ್ಞ, ಗುಂಪು ಪರೀಕ್ಷಕ, ಸಂದರ್ಶಕ ಮೂವರೂ ಬೇರೆ ಬೇರೆ ನೋಡಿ ಕೊನೆಗೆ ತಾಳೆ ಹಾಕುತ್ತಾರೆ. ಮನಸಾ, ವಾಚಾ, ಕರ್ಮಣಾ ಎಂದು ಅಲ್ಲಿ ಹೇಳುವುದು ಇದನ್ನೇ. ಅಕಾಡೆಮಿಯವರು ಕೊಟ್ಟ ಮಾದರಿ ವಾಕ್ಯ ಒಬ್ಬರ ಕಣ್ಣು ತಪ್ಪಿಸಿದರೂ ಮೂವರ ಕಣ್ಣು ತಪ್ಪಿಸುವುದಿಲ್ಲ.

ಎಸ್‌ಎಸ್‌ಬಿ ದಾಟಿದ ಮೇಲೆ ಮೆಡಿಕಲ್. ಹಿಂದೆ ಮಾನಸಿಕ ಅಥವಾ ನರ ಸಂಬಂಧಿ ತೊಂದರೆ, ಫಿಟ್ಸ್, ಆಸ್ಪತ್ರೆ ವಾಸ ಇತ್ತೇ ಎಂದು ಅಭ್ಯರ್ಥಿಯೇ ಬರೆದು ಸಹಿ ಹಾಕುವ ಫಾರಂ ಇಲ್ಲಿ ಬರುತ್ತದೆ. ಆಟಿಸಂ ದಾಖಲಾಗಿದ್ದರೆ ಇಲ್ಲಿ ಬರೆಯಬೇಕು. ಉದ್ದ ಕತೆ ಬೇಡ. ಹೀಗೆ ಸಾಕು: ‘ಏಳನೇ ವಯಸ್ಸಿನಲ್ಲಿ ಆಟಿಸಂ ಸ್ಪೆಕ್ಟ್ರಂ, ಲೆವೆಲ್ 1 ಎಂದು ಗುರುತಿಸಲಾಗಿದೆ. ಎರಡು ವರ್ಷ ಸ್ಪೀಚ್ ಥೆರಪಿ. ಔಷಧ ಇಲ್ಲ. ಫಿಟ್ಸ್ ಇಲ್ಲ. ವರದಿ ಲಗತ್ತಿಸಿದೆ.’ ಇದನ್ನು ಓದಿದ ವೈದ್ಯರು ಮನೋವೈದ್ಯರ ಬಳಿ ಕಳಿಸುತ್ತಾರೆ. ಫಲಿತಾಂಶ ಅನ್‌ಫಿಟ್ ಎಂದು ಬರುವ ಸಾಧ್ಯತೆಯೇ ಹೆಚ್ಚು, ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೋಗಿ. ಅನ್‌ಫಿಟ್ ಆದವರಿಗೆ ಕೊಡುವ ಚೀಟಿಯಲ್ಲಿ ಅಪೀಲ್ ಮೆಡಿಕಲ್ ಬೋರ್ಡ್‌ಗೆ ಯಾವ ಆಸ್ಪತ್ರೆ, ಯಾವ ದಿನದೊಳಗೆ ಎಂದು ಇರುತ್ತದೆ. ರೋಗನಿರ್ಣಯವೇ ತಪ್ಪಾಗಿತ್ತು ಎಂದು ಹೇಳಬಲ್ಲ ಹೊಸ, ಸವಿಸ್ತಾರ ಪರೀಕ್ಷಾ ವರದಿ ಇದ್ದರೆ ಅಪೀಲಿಗೆ ಅರ್ಥವಿದೆ. ‘ಮೈಲ್ಡ್ ಮಾತ್ರ’ ಎಂಬ ಒಂದು ಸಾಲಿನ ಪತ್ರ ತೆಗೆದುಕೊಂಡು ಹೋಗುವುದರಲ್ಲಿ ಅರ್ಥವಿಲ್ಲ.

‘ಏನೂ ಬರೀಬೇಡ, ಯಾರು ನೋಡ್ತಾರೆ’ ಎಂದು ಸಲಹೆ ಕೊಡುವ ಕೋಚಿಂಗ್‌ನವರು ಊರೂರಲ್ಲೂ ಇದ್ದಾರೆ. ಅವರು ಹೇಳದೆ ಬಿಡುವ ಮಾತು ಇದು: 1950ರ ಸೇನಾ ಕಾಯ್ದೆಯ 44ನೇ ಕಲಂ ಪ್ರಕಾರ, ಭರ್ತಿ ಫಾರಂನ ಪ್ರಶ್ನೆಗೆ ಬೇಕೆಂದೇ ಸುಳ್ಳು ಉತ್ತರ ಕೊಟ್ಟದ್ದು ಸೇರಿದ ಮೇಲೆ ಬಯಲಾದರೆ ಕೋರ್ಟ್ ಮಾರ್ಷಲ್‌ನಲ್ಲಿ ಐದು ವರ್ಷದವರೆಗೆ ಸೆರೆ ವಿಧಿಸಬಹುದು. ಕಾನೂನು ಬಿಟ್ಟರೂ, ನಿದ್ದೆಗೆಟ್ಟು ಮೆಲ್ಟ್‌ಡೌನ್ (ಒತ್ತಡ ಮಿತಿಮೀರಿ ಹಿಡಿತ ತಪ್ಪುವುದು) ಆಗುವ ಹೊತ್ತಿಗೆ ಕೈಯಲ್ಲಿ ಗುಂಡು ತುಂಬಿದ ಆಯುಧ ಇದ್ದರೆ ಪಕ್ಕದವನ ಜೀವಕ್ಕೂ ಅಪಾಯ. ಇನ್ನು ಕೆಲವರು ಮೆಡಿಕಲ್‌ಗೆ ಮೊದಲು ರಿಸ್ಪೆರಿಡೋನ್, ಫ್ಲುವಾಕ್ಸೆಟಿನ್‌ನಂಥ ಮಾತ್ರೆಗಳನ್ನು ತಾವೇ ನಿಲ್ಲಿಸುತ್ತಾರೆ. ದಿಢೀರ್ ನಿಲ್ಲಿಸಿದರೆ ನಿದ್ರಾಹೀನತೆ, ತಳಮಳ, ಸಿಡುಕು ಮರುಕಳಿಸಬಹುದು, ಅದೂ ರ್‍ಯಾಲಿಯ ವಾರದಲ್ಲೇ. ಕಡಿಮೆ ಮಾಡುವುದಿದ್ದರೆ ವೈದ್ಯರ ಜೊತೆ, ತಿಂಗಳುಗಟ್ಟಲೆ ಸಮಯ ಕೊಟ್ಟು.

ಎಂದೂ ಪರೀಕ್ಷೆ ಮಾಡಿಸದವರ ಪ್ರಶ್ನೆ ಬೇರೆ. ಅನುಮಾನ ಇದೆ, ಕಾಗದ ಇಲ್ಲ. ಫಾರಂ ಕೇಳುವುದು ಆದ ಕಾಯಿಲೆ, ಪಡೆದ ಚಿಕಿತ್ಸೆ. ಇಂಟರ್ನೆಟ್ಟಿನ ಪ್ರಶ್ನಾವಳಿಯಲ್ಲಿ ಬಂದ ಅಂಕ ರೋಗನಿರ್ಣಯವಲ್ಲ, ಅದನ್ನು ಬರೆಯಬೇಕಾಗಿಲ್ಲ. ಆದರೆ ಹೆಜ್ಜೆ 3ರ ಡೈರಿ ತುಂಬ ಕೆಂಪು ಗುರುತು ಬಿದ್ದಿದ್ದರೆ ರ್‍ಯಾಲಿಗಿಂತ ಮೊದಲು ತಜ್ಞರನ್ನು ಕಾಣುವುದೇ ಮೇಲು.

ಅಮೆರಿಕದಲ್ಲಿರುವ ಕನ್ನಡದ ಮನೆಗಳಿಗೆ ಒಂದು ಮಾತು: ಅಲ್ಲಿನ ರಕ್ಷಣಾ ಇಲಾಖೆಯ ವೈದ್ಯಕೀಯ ಮಾನದಂಡದಲ್ಲಿ ಆಟಿಸಂ ಅನರ್ಹತೆಯ ಪಟ್ಟಿಯಲ್ಲಿದೆ, ಆದರೆ ವೇವರ್ (ವಿನಾಯಿತಿ) ಕೇಳಬಹುದು. ಹಳೆಯ ಆಸ್ಪತ್ರೆ ದಾಖಲೆಗಳನ್ನು ಅವರ ಗಣಕ ವ್ಯವಸ್ಥೆಯೇ ಎಳೆದು ತರುವುದರಿಂದ ಮುಚ್ಚಿಡುವುದು ಅಲ್ಲಿ ಇನ್ನೂ ವ್ಯರ್ಥ. ಇಸ್ರೇಲ್‌ನಲ್ಲಿ ‘ರೋಯಿಮ್ ರಹೋಕ್’ ಎಂಬ ಕಾರ್ಯಕ್ರಮದಡಿ ಆಟಿಸಂ ಇರುವ ಯುವಕರು ಸ್ವಯಂಸೇವಕರಾಗಿ ಸೇರಿ 9900 ಘಟಕದಲ್ಲಿ ವೈಮಾನಿಕ ಚಿತ್ರಗಳನ್ನು ವಿಶ್ಲೇಷಿಸುತ್ತಾರೆ. ಆ ಸುದ್ದಿ ಓದಿ ನಮ್ಮಲ್ಲೂ ಕೇಳಿ ನೋಡೋಣ ಎನ್ನುವವರಿದ್ದಾರೆ, ಭಾರತದ ಭರ್ತಿಯಲ್ಲಿ ಅಂಥ ಪ್ರತ್ಯೇಕ ದಾರಿ ಇಲ್ಲ.

ಹೆಜ್ಜೆ 5: ಪಕ್ಕದ ಗೇಟು

ಕರ್ನಾಟಕದಲ್ಲಿ ಹುಟ್ಟಿದವರಿಗೆ ಈ ವಿಷಯದಲ್ಲಿ ಅದೃಷ್ಟವಿದೆ. ಡಿಆರ್‌ಡಿಒದ ಎಡಿಇ, ಎಲ್‌ಆರ್‌ಡಿಇ, ಜಿಟಿಆರ್‌ಇ, ಕೇರ್ ಪ್ರಯೋಗಾಲಯಗಳು ಬೆಂಗಳೂರಿನಲ್ಲಿ, ಡಿಎಫ್‌ಆರ್‌ಎಲ್ ಎಂದು ಪರಿಚಿತವಾದ ಆಹಾರ ಪ್ರಯೋಗಾಲಯ ಮೈಸೂರಿನಲ್ಲಿ. ಎಚ್‌ಎಎಲ್, ಬಿಇಎಲ್, ಬಿಇಎಂಎಲ್ ಇಲ್ಲೇ. ಕಾರವಾರದಲ್ಲಿ ನೌಕಾನೆಲೆ ಮತ್ತು ಹಡಗು ದುರಸ್ತಿ ಯಾರ್ಡು. ಕಂಟೋನ್ಮೆಂಟುಗಳಲ್ಲಿ ಸೇನೆಯ ಕಟ್ಟಡ ಕಾಮಗಾರಿ ನೋಡಿಕೊಳ್ಳುವ ಎಂಇಎಸ್ ಕಚೇರಿ. ರಕ್ಷಣಾ ಲೆಕ್ಕಪತ್ರ ಇಲಾಖೆಗೆ ಆಡಿಟರ್‌ಗಳು ಎಸ್‌ಎಸ್‌ಸಿ (ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ) ನಡೆಸುವ ಸಿಜಿಎಲ್ ಪರೀಕ್ಷೆ ಮೂಲಕ, ಎಂಇಎಸ್‌ಗೆ ಜೂನಿಯರ್ ಎಂಜಿನಿಯರ್‌ಗಳು ಎಸ್‌ಎಸ್‌ಸಿ ಜೆಇ ಮೂಲಕ, ಡಿಆರ್‌ಡಿಒಗೆ ತಂತ್ರಜ್ಞರು ಅದರದೇ ನೇಮಕಾತಿ ಕೇಂದ್ರ ಸೆಪ್ಟಮ್ ಮೂಲಕ, ವಿಜ್ಞಾನಿಗಳು ಗೇಟ್ ಪರೀಕ್ಷೆಯ ಅಂಕದ ಆಧಾರದಲ್ಲಿ ಅದರ ಇನ್ನೊಂದು ನೇಮಕಾತಿ ಕೇಂದ್ರ ಆರ್‌ಎಸಿ ಮೂಲಕ. ಐಟಿಐ ಮುಗಿಸಿದವರಿಗೆ ಎಚ್‌ಎಎಲ್, ಬಿಇಎಲ್, ಕಾರವಾರ ಯಾರ್ಡಿನ ಅಪ್ರೆಂಟಿಸ್ ಒಳ್ಳೆಯ ಆರಂಭ. ಕೆಲಸದ ಖಾತರಿ ಇಲ್ಲ, ಆದರೆ ಕಾರ್ಖಾನೆಯ ಸದ್ದು, ಶಿಫ್ಟು ತಡೆಯಬಲ್ಲಿರಾ ಎಂಬುದು ಗೊತ್ತಾಗುತ್ತದೆ. ಬಿಆರ್‌ಒ (ಗಡಿ ರಸ್ತೆ ಸಂಸ್ಥೆ) ಹುದ್ದೆಗಳನ್ನು ಮಾತ್ರ ಸಾದಾ ಸಿವಿಲಿಯನ್ ಎಂದುಕೊಳ್ಳಬೇಡಿ, ಅವಕ್ಕೆ ದೈಹಿಕ ಪರೀಕ್ಷೆ ಮತ್ತು ಪ್ರತ್ಯೇಕ ಮೆಡಿಕಲ್ ಇದೆ.

ಜಾಹೀರಾತು ಓದುವ ಕ್ರಮ ಹೀಗೆ. ಖಾಲಿ ಹುದ್ದೆಗಳ ಒಟ್ಟು ಸಂಖ್ಯೆ ಆಮೇಲೆ ನೋಡಿ. ಮೊದಲು ವಿಕಲಚೇತನರಿಗೆ ಸೂಕ್ತ ಎಂಬ ಕಾಲಂ ಹುಡುಕಿ. ಅದರಲ್ಲಿ ಎಎಸ್‌ಡಿ ಎಂಬ ಮೂರಕ್ಷರ, ಅದರ ಮುಂದೆ ಎಂ ಎಂಬ ಅಕ್ಷರ ಇದ್ದರೆ ಮೈಲ್ಡ್ ಆಟಿಸಂಗೆ ಆ ಹುದ್ದೆ ಗುರುತಿಸಲಾಗಿದೆ ಎಂದರ್ಥ. 2021ರ ಜನವರಿ 4ರಂದು ಕೇಂದ್ರ ಹೊರಡಿಸಿದ ಪಟ್ಟಿಯೇ ಇದರ ಮೂಲ. ಪಕ್ಕದ ಕಾಲಂನಲ್ಲಿ ಎಸ್, ಎಸ್‌ಟಿ, ಡಬ್ಲ್ಯು, ಆರ್‌ಡಬ್ಲ್ಯು, ಸಿ ಮೊದಲಾದ ಅಕ್ಷರಗಳಿರುತ್ತವೆ: ಕೂರುವುದು, ನಿಲ್ಲುವುದು, ನಡೆಯುವುದು, ಓದಿ ಬರೆಯುವುದು, ಸಂವಹನ. ಸಿ ಇರುವ ಹುದ್ದೆಯಲ್ಲಿ ದಿನವಿಡೀ ಜನರ ಜೊತೆ ಮಾತು ಇರಬಹುದು, ಕೌಂಟರೋ ಕಡತವೋ ವಿಚಾರಿಸಿಕೊಳ್ಳಿ. ಶೇ 4ರಲ್ಲಿ ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ ಮತ್ತು ಬಹುವೈಕಲ್ಯ ಎಲ್ಲಕ್ಕೂ ಸೇರಿ ಶೇ 1. ಹುದ್ದೆ ಕಡಿಮೆ, ಪೈಪೋಟಿಯೂ ಸಾಮಾನ್ಯ ವರ್ಗದಷ್ಟಿಲ್ಲ.

ವಯಸ್ಸಿನಲ್ಲಿ ಸಾಮಾನ್ಯ ವರ್ಗದವರಿಗೆ 10, ಒಬಿಸಿಗೆ 13, ಎಸ್‌ಸಿ, ಎಸ್‌ಟಿಗೆ 15 ವರ್ಷ ಸಡಿಲಿಕೆ. ಎಸ್‌ಎಸ್‌ಸಿಗೆ ಅರ್ಜಿ ಶುಲ್ಕವಿಲ್ಲ. ಬರಹಗಾರರ ಸೌಲಭ್ಯಕ್ಕೆ ಅರ್ಹರಾದವರಿಗೆ ಗಂಟೆಗೆ 20 ನಿಮಿಷ ಹೆಚ್ಚು, ಇದನ್ನು ಅರ್ಜಿಯಲ್ಲೇ ಗುರುತು ಮಾಡಬೇಕು, ಪರೀಕ್ಷೆಯ ದಿನ ಕೇಳಿದರೆ ಸಿಗದು. ನಮ್ಮ ರಾಜ್ಯದವರು ಪದೇ ಪದೇ ಮಾಡುವ ತಪ್ಪು ಇನ್ನೊಂದು: 2ಎ, 3ಬಿ ಎಂದಿರುವ ರಾಜ್ಯದ ಜಾತಿ ಪ್ರಮಾಣಪತ್ರ ಒಯ್ಯುವುದು. ಬೇಕಾದ್ದು ಕೇಂದ್ರ ಸರ್ಕಾರದ ನಮೂನೆಯ ಒಬಿಸಿ ಪ್ರಮಾಣಪತ್ರ.

ಮಾತಿನ ಪರೀಕ್ಷೆಗೆ ಹೆದರುವವರಿಗೆ ನಿಜಕ್ಕೂ ಒಳ್ಳೆಯ ಸುದ್ದಿ: 2016ರ ಜನವರಿ 1ರಿಂದ ಕೇಂದ್ರದ ಗ್ರೂಪ್ ಸಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ ಸಂದರ್ಶನ ಇಲ್ಲ. ಬರೆದು ಪಾಸಾದರೆ ಮುಗಿಯಿತು, ಟೈಪಿಂಗ್ ಅಥವಾ ಟ್ರೇಡ್ ಟೆಸ್ಟ್ ಇದ್ದರೆ ಅಷ್ಟು. ಡಿಆರ್‌ಡಿಒ ವಿಜ್ಞಾನಿ ಹುದ್ದೆಗೆ ಮಾತ್ರ ಸಂದರ್ಶನ ಇದೆ.

ಕೆಲಸಕ್ಕೆ ಸೇರಿದ ಮೊದಲ ವಾರ

ಬಾಯಲ್ಲಿ ಹೇಳಿ ಬಿಡಬೇಡಿ. ಕಾಯ್ದೆಯ ಪ್ರಕಾರ ಪ್ರತಿ ಸರ್ಕಾರಿ ಕಚೇರಿಯಲ್ಲಿ ವಿಕಲಚೇತನರ ಕುಂದುಕೊರತೆ ಅಧಿಕಾರಿ ಇರಬೇಕು. ಅವರಿಗೆ ಒಂದು ಪುಟದ ಮನವಿ ಕೊಡಿ, ಸ್ವೀಕೃತಿ ಸಹಿ ಪಡೆಯಿರಿ. ಕೇಳುವುದನ್ನು ಅಳೆದು ಕೇಳಿ: ಕೆಲಸದ ಸೂಚನೆ ಬರಹದಲ್ಲಿ ಬೇಕು, ಕೂರುವ ಜಾಗ ಬಾಗಿಲಿನಿಂದ ಮತ್ತು ಜನರೇಟರಿನಿಂದ ದೂರ ಇರಲಿ, ವರ್ಕ್‌ಶಾಪಿನಲ್ಲಿ ಇಯರ್ ಮಫ್ ಹಾಕಲು ಅನುಮತಿ ಇರಲಿ, ಶಿಫ್ಟ್ ಬದಲಾಗುವುದಿದ್ದರೆ ಹಿಂದಿನ ದಿನ ತಿಳಿಸಲಿ. ‘ನನ್ನನ್ನು ಅರ್ಥ ಮಾಡಿಕೊಳ್ಳಿ’ ಎಂಬ ಮನವಿಯ ಮೇಲೆ ಯಾವ ಮೇಲಧಿಕಾರಿಯೂ ಆದೇಶ ಹಾಕಲಾರ. ‘ಮೂರನೇ ಮೇಜು ಕೊಡಿ’ ಎಂದರೆ ಅಂದೇ ಸಹಿ ಬೀಳಬಹುದು. ಸರದಿ ವರ್ಗಾವಣೆಯಿಂದ ವಿನಾಯಿತಿ ಕೇಳುವ ಅವಕಾಶವೂ ವಿಕಲಚೇತನ ನೌಕರರಿಗೆ ಇದೆ. ಅದನ್ನು ವರ್ಗಾವಣೆ ಆದೇಶ ಕೈಗೆ ಬಂದ ಮೇಲೆ ಓಡಾಡುವುದಕ್ಕಿಂತ ಈ ಮೊದಲ ಪತ್ರದಲ್ಲೇ ಕೊನೆಯ ಸಾಲಾಗಿ ಬರೆದು, ಯುಡಿಐಡಿ ಕಾರ್ಡಿನ ಪ್ರತಿ ಪಿನ್ ಮಾಡಿ ಕೊಡಿ.